ಲೋಹದ ಫಲಕ, ಮರದ ಪೀಠ: ವಿಜಯಪುರದಲ್ಲಿ ಕಂಡರಣೆಗಾರನ ಕೈಯನ್ನು ಕುರಿತು

ಶಾಸನವೆಂದರೆ ಶಿಲೆಯೆಂದೇ ನಮ್ಮ ವಿದ್ಯಾರ್ಥಿಗಳು ಭಾವಿಸುತ್ತಾರೆ. ಕನ್ನಡ ನಾಡಿನ ಶಾಸನಗಳಲ್ಲಿ ಬಹುಭಾಗ ಕಲ್ಲಿನವೇ ಆಗಿರುವುದರಿಂದ ಈ ಭಾವನೆ ಸಹಜವಾದುದು. ಆದರೆ ಅಕ್ಷರವನ್ನು ಹೊತ್ತ ಲೋಹದ ತಗಡು, ಆ ತಗಡನ್ನು ಹೊತ್ತ ಮರದ ಹಲಗೆ, ಇವೂ ಇತಿಹಾಸಕಾರನ ಪಾಲಿಗೆ ದಾಖಲೆಗಳೇ. ಪ್ರಕೃತ ಲೇಖನದಲ್ಲಿ ನಾನು ವಾಚಕರ ಮುಂದಿಡಬಯಸುವ ಮಾತು ಒಂದೇ. ಫಲಕದ ಪಾಠವನ್ನು ಓದಿದ ಮಾತ್ರಕ್ಕೆ ಫಲಕವನ್ನು ಓದಿದಂತಾಗುವುದಿಲ್ಲ. ಬರೆಯಿಸಿದವನು ಒಬ್ಬ, ರಚಿಸಿದವನು ಇನ್ನೊಬ್ಬ, ಕಂಡರಿಸಿದವನು ಮತ್ತೊಬ್ಬ. ಈ ಮೂವರಲ್ಲಿ ಮೂರನೆಯವನ ಕೈಯನ್ನು ನಾವು ಬಹುಮಟ್ಟಿಗೆ ಕಡೆಗಣಿಸಿದ್ದೇವೆ. ಅಲ್ಲದೆ ಲೋಹವು ತನ್ನ ನೆಲೆಯಿಂದ ಕಳಚಿಕೊಂಡು ಬೇರೆಡೆಗೆ ಹೋಗಬಲ್ಲುದಾದ ಕಾರಣ, ಅದು ಯಾವುದಕ್ಕೆ ಹೇಗೆ ಜೋಡಿಸಲ್ಪಟ್ಟಿತ್ತೆಂಬುದೂ ಸಾಕ್ಷ್ಯದ ಒಂದು ಅಂಗವೇ ಆಗಿದೆ.

ಈ ವಿಚಾರಕ್ಕೆ ನನ್ನನ್ನು ತಂದದ್ದು ಪಾಂಡಿತ್ಯವಲ್ಲ, ಒಂದು ಸಣ್ಣ ಕೆಲಸ. ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಜೀವಮಾನದಲ್ಲಿ ಸಂಗ್ರಹಿಸಿದ ಶಾಸನಗಳ ಪಡಿಯಚ್ಚುಗಳನ್ನು ನಮ್ಮ ವಿಭಾಗಕ್ಕೆ ಕೊಟ್ಟರು. ಅವುಗಳನ್ನಿಡಲು ತೇಗದ ಕಪಾಟೊಂದನ್ನು ಮಾಡಿಸಲಾಯಿತು. ಕಪಾಟಿನ ಮೇಲೆ ಕೊಡುಗೆಯ ವಿವರವುಳ್ಳ ಹಿತ್ತಾಳೆಯ ಫಲಕವೊಂದು ಇರಬೇಕೆಂದು ವಿಭಾಗದವರು ನಿಶ್ಚಯಿಸಿ ಆ ಹೊಣೆಯನ್ನು ನನಗೆ ವಹಿಸಿದರು. ಸೊಲ್ಲಾಪುರ ರಸ್ತೆಯ ಮೇಲೆ ಮರಗೆಲಸದ ಅಂಗಡಿಯೊಂದರ ಹಿಂಬದಿಯಲ್ಲಿ ಇಂಥ ಫಲಕಗಳನ್ನು ಕೆತ್ತಿಕೊಡುವವರಿದ್ದಾರೆಂದು ತಿಳಿದು, ಅಚ್ಚುಕಟ್ಟಾಗಿ ಬರೆದ ಮೂರು ಸಾಲಿನ ಪಾಠದೊಡನೆ ಅಲ್ಲಿಗೆ ಹೋದೆನು. ಕೆಲಸ ಅರ್ಧ ಗಂಟೆಯದೆಂದು ನನ್ನ ಎಣಿಕೆಯಾಗಿತ್ತು. ಅದಕ್ಕೆ ಮೂರು ವಾರಗಳು ಹಿಡಿದವು.

ಕಂಡರಣೆಗಾರನು ಪಾಠವನ್ನು ಓದುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿದನು. ಇದನ್ನು ಎಷ್ಟು ದೂರದಿಂದ ಓದಬೇಕು? ಹಲಗೆ ಯಾವ ಮರದ್ದು, ಎಳೆ ಅಡ್ಡವೋ ಉದ್ದವೋ? ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಆತನು ನನ್ನ ಮೂರು ಸಾಲುಗಳನ್ನು ಅಳೆದು, ಇದು ನಾಲ್ಕು ಸಾಲಾಗುತ್ತದೆ, ಇಲ್ಲವೇ ಅಕ್ಷರ ಸಣ್ಣದಾಗುತ್ತದೆ ಎಂದನು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ರೋಮನ್ ಲಿಪಿಗೆ ಸಾಕಾಗುವ ಎಡೆ ನಮ್ಮ ಲಿಪಿಗೆ ಸಾಲದೆಂಬುದನ್ನು ಶಾಸನಪಾಠಗಳನ್ನು ಬೋಧಿಸುವ ನಾನು ಆ ದಿನ ಒಬ್ಬ ಕಸುಬುದಾರನಿಂದ ಕಲಿತೆನೆಂದು ಹೇಳಲು ಸಂಕೋಚವಿಲ್ಲ.

ಇಂದಿನ ಕೆತ್ತನೆ ಬಹುತೇಕ ಯಂತ್ರದ್ದು. ಗಣಕದಲ್ಲಿ ಕೂಡಿಸಿದ ಅಕ್ಷರದ ಗೆರೆಯನ್ನು ಅನುಸರಿಸಿ ತಿರುಗುವ ಸೂಜಿಯುಳಿಯು ಹಿತ್ತಾಳೆಯನ್ನು ಕೊರೆಯುತ್ತದೆ. ಕೊರೆದ ತೋಡಿನಲ್ಲಿ ಕಪ್ಪು ಬಣ್ಣವನ್ನು ತುಂಬಿ, ಒಣಗಿದ ಮೇಲೆ ಮುಖವನ್ನು ಉಜ್ಜಿ ಮೆರುಗುಗೊಳಿಸುತ್ತಾರೆ. ಹಿತ್ತಾಳೆಗೆ ಕೈ ಹಾಕುವ ಮುನ್ನ ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಪರೀಕ್ಷೆಗಾಗಿ ಒಂದು ಪ್ರತಿಯನ್ನು ತೆಗೆದರು. ಅದನ್ನು ನೋಡಿ ನಾನು ಬೆರಗಾದೆನು. ನನ್ನ ಗಣಕದ ಅಕ್ಷರಕ್ರಮವು ಅವರ ಯಂತ್ರದ ಹಳೆಯ ಅಕ್ಷರಕ್ರಮಕ್ಕೆ ಪರಿವರ್ತನೆಯಾಗುವಾಗ ‘ವರ್ಷ’ ಎಂಬಲ್ಲಿನ ಅರ್ಕಾವತ್ತು ತನ್ನ ಸ್ಥಾನದಿಂದ ಕಳಚಿ ಬಲಕ್ಕೆ ಸರಿದಿತ್ತು. ಅರ್ಕಾವತ್ತಿಗೂ ಕನ್ನಡದ ಒಂಬತ್ತರ ಅಂಕಿಗೂ ಇರುವ ಹೋಲಿಕೆ ಎಲ್ಲರಿಗೂ ತಿಳಿದದ್ದೇ. ಆ ಚಿಹ್ನೆ ಮುಂದಿನ ಇಸವಿಗೆ ತಗುಲಿ ನಿಂತು, ಅಂಕಿಯೆಂದೇ ಓದಿಸಿಕೊಳ್ಳುತ್ತಿತ್ತು. ಪರೀಕ್ಷೆಯ ಪಟ್ಟಿಯನ್ನು ತೆಗೆಯದಿದ್ದಲ್ಲಿ ನಮ್ಮ ಫಲಕದ ಕಾಲನಿರ್ಣಯಕ್ಕಾಗಿ ಮುಂದೆ ಯಾರಾದರೂ ಒಂದು ಪ್ರಬಂಧವನ್ನೇ ಬರೆಯಬೇಕಾಗುತ್ತಿತ್ತು.

ಈ ಪ್ರಸಂಗವನ್ನು ವಿನೋದಕ್ಕಾಗಿ ಹೇಳಿಲ್ಲ. ತಾಮ್ರಶಾಸನಗಳನ್ನು ಸಂಪಾದಿಸಿದವರು ಅಡಿಟಿಪ್ಪಣಿಗಳಲ್ಲಿ ನಿತ್ಯವೂ ಗುರುತಿಸುವ ದೋಷಗಳು ಇದೇ ಬಗೆಯವು: ಅನುಸ್ವಾರ ಬಿಟ್ಟುಹೋದದ್ದು, ಅಕ್ಷರ ಎರಡು ಬಾರಿ ಬಂದದ್ದು, ಮರೆತ ಅಕ್ಷರವನ್ನು ಸಾಲಿನ ಕೆಳಗೆ ಸೇರಿಸಿದ್ದು. ಇವನ್ನು ನಾವು ‘ಲಿಪಿಕಾರನ ಪ್ರಮಾದ’ ಎಂಬ ಒಂದೇ ತಲೆಬರಹದಡಿ ಹಾಕಿ ಮುಂದೆ ಸಾಗುತ್ತೇವೆ. ವಸ್ತುತಃ ಇವುಗಳಲ್ಲಿ ಕೆಲವು ರಚಿಸಿದವನ ತಪ್ಪುಗಳು, ಕೆಲವು ತಗಡಿನ ಮೇಲೆ ಮಸಿಯಿಂದ ಬರೆದುಕೊಟ್ಟವನ ತಪ್ಪುಗಳು, ಕೆಲವು ಮಾತ್ರ ಉಳಿ ಹಿಡಿದವನ ತಪ್ಪುಗಳು. ಸಂಸ್ಕೃತ ವ್ಯಾಕರಣದ ಸ್ಖಾಲಿತ್ಯವನ್ನು ಅಕ್ಕಸಾಲಿಗನ ತಲೆಗೆ ಕಟ್ಟುವುದು ನ್ಯಾಯವಲ್ಲ. ಸದೃಶ ಅಕ್ಷರಗಳನ್ನು ಒಂದರ ಬದಲು ಇನ್ನೊಂದಾಗಿ ಕೊರೆದದ್ದಾದರೆ, ಓದಲು ಬಾರದ ಕೈ ಮಸಿಯ ಗೆರೆಯನ್ನು ಅನುಸರಿಸಿತೆಂದು ಊಹಿಸಬಹುದು. ಇಂದಿನ ಯಂತ್ರದ ಉಳಿಯೂ ಓದಲು ಬಾರದ ಕೈಯೇ.

ದಾನವನ್ನು ಪಟದ ಮೇಲಾಗಲಿ ತಾಮ್ರದ ಹಲಗೆಯ ಮೇಲಾಗಲಿ ಬರೆಯಿಸಿ ಮುದ್ರೆಯೊತ್ತಿ ಕೊಡಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಬಟ್ಟೆಯ ಮೇಲಿನ ದಾನಪತ್ರಗಳು ನಶಿಸಿದವು, ತಾಮ್ರದವು ಉಳಿದವು. ಬಾದಾಮಿ ಚಾಲುಕ್ಯರ ತಾಮ್ರಪಟಗಳನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅವುಗಳ ರಚನೆಯ ಜಾಣ್ಮೆ ತಾನಾಗಿ ತಿಳಿಯುತ್ತದೆ. ಅಕ್ಷರಗಳು ಒಂದರ ಮೇಲೊಂದು ಉಜ್ಜಿ ಸವೆಯದಂತೆ ತಗಡಿನ ಅಂಚುಗಳನ್ನು ಕೊಂಚ ಎತ್ತರಿಸುತ್ತಿದ್ದರು. ಬದಿಯಲ್ಲಿ ರಂಧ್ರವನ್ನು ಕೊರೆದು, ಅದರಲ್ಲಿ ಬಳೆಯೊಂದನ್ನು ಹಾಯಿಸಿ, ಬಳೆಯ ಕೂಡುವೆಡೆಯ ಮೇಲೆ ವರಾಹ ಲಾಂಛನದ ಮುದ್ರೆಯನ್ನು ಬೆಸೆಯುತ್ತಿದ್ದರು. ಬಳೆಯನ್ನು ಕತ್ತರಿಸದೆ ಒಂದು ಹಲಗೆಯನ್ನು ತೆಗೆದು ಇನ್ನೊಂದನ್ನು ಸೇರಿಸಲು ಬಾರದು. ಆದ್ದರಿಂದ ಬಳೆಯೆಂಬುದು ಬರಿಯ ಕಟ್ಟಲ್ಲ, ಅದು ದಾಖಲೆಯ ಕಾವಲು. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟರು ೧೮೭೨ರಲ್ಲಿ ಆರಂಭವಾದ ‘ಇಂಡಿಯನ್ ಆಂಟಿಕ್ವೆರಿ’ಯ ಪುಟಗಳಲ್ಲಿ ನಮ್ಮ ಭಾಗದ ತಾಮ್ರಪಟಗಳನ್ನು ಪ್ರಕಟಿಸುವಾಗ, ತಮಗೆ ದೊರೆತಾಗ ಬಳೆ ಕತ್ತರಿಸಲ್ಪಟ್ಟಿತ್ತೇ ಇಲ್ಲವೇ, ಅಕ್ಷರದ ಗುರುತು ತಗಡಿನ ಹಿಂಬದಿಗೆ ಮೂಡಿದೆಯೇ, ತೋಡಿನ ಒಳಗೆ ಉಳಿಯ ಗೀರುಗಳು ಕಾಣುತ್ತವೆಯೇ ಎಂಬುದನ್ನು ದಾಖಲಿಸುವ ರೂಢಿಯನ್ನಿಟ್ಟುಕೊಂಡಿದ್ದರು. ಇಂದಿನ ನಮ್ಮ ಎಷ್ಟೋ ಸಂಪಾದಿತ ಪಾಠಗಳಲ್ಲಿ ಈ ವಿವರಗಳು ಮಾಯವಾಗಿರುವುದು ಹಿನ್ನಡೆಯೆಂದೇ ನನ್ನ ಅಭಿಪ್ರಾಯ.

ಈ ಎಚ್ಚರಿಕೆಗೆ ಕಾರಣವಿತ್ತು. ಕಲ್ಲು ಹೊಲದಲ್ಲಿ ನಿಂತಿರುತ್ತದೆ. ತಾಮ್ರಪಟವು ಒಬ್ಬರ ಪೆಟ್ಟಿಗೆಯಿಂದ ಹೊರಬರುತ್ತದೆ. ಪಶ್ಚಿಮ ಗಂಗರ ಹೆಸರಿನಲ್ಲಿ ದೊರೆತ ಎಷ್ಟೋ ತಾಮ್ರಪಟಗಳನ್ನು ಫ್ಲೀಟರು ಕೂಟಶಾಸನಗಳೆಂದು ತಿರಸ್ಕರಿಸಿದರು; ಬಿ. ಎಲ್. ರೈಸರು ಅವುಗಳನ್ನು ಸಮರ್ಥಿಸಿದರು. ಈ ವಿವಾದದ ಇತಿಹಾಸ ಸುಪರಿಚಿತವಾದುದರಿಂದ ಇಲ್ಲಿ ಬೆಳೆಸುವುದಿಲ್ಲ. ನಮಗೆ ಬೇಕಾದದ್ದು ಇಷ್ಟೇ: ಆ ಪಟಗಳಲ್ಲಿ ಹಲವು ತಮ್ಮನ್ನು ಕಂಡರಿಸಿದವನು ವಿಶ್ವಕರ್ಮಾಚಾರ್ಯನೆಂದು ಹೇಳಿಕೊಳ್ಳುತ್ತವೆ. ಅದು ವ್ಯಕ್ತಿಯ ಹೆಸರೋ ಕುಲದ ಬಿರುದೋ ಎಂಬುದು ಚರ್ಚೆಯ ವಿಷಯವಾದರೂ, ನಕಲು ಮಾಡಿದವನಿಗೆ ಕೂಡ ಕಂಡರಣೆಗಾರನ ಹೆಸರಿಲ್ಲದೆ ದಾಖಲೆ ಪೂರ್ಣವಾಗದೆಂಬ ಅರಿವಿತ್ತು. ವಿಜಯನಗರದ ತಾಮ್ರಪಟಗಳಲ್ಲಿ ಈ ಪದ್ಧತಿ ಇನ್ನೂ ಸ್ಪಷ್ಟವಾಗಿದೆ. ಶ್ಲೋಕಗಳನ್ನು ರಚಿಸಿದ ಸಭಾಪತಿಯ ಹೆಸರೂ, ತಾಮ್ರದ ಮೇಲೆ ಕಂಡರಿಸಿದ ವೀರಣಾಚಾರ್ಯನ ಹೆಸರೂ ಅವುಗಳ ಕೊನೆಯಲ್ಲಿ ಬರುತ್ತವೆ. ಪಾಠವು ನಂದಿನಾಗರಿ ಲಿಪಿಯಲ್ಲಿದ್ದರೂ ರಾಜನ ಒಪ್ಪವಾದ ‘ಶ್ರೀ ವಿರೂಪಾಕ್ಷ’ ಎಂಬುದು ಕನ್ನಡ ಅಕ್ಷರಗಳಲ್ಲಿ, ಬೇರೆಯೇ ಗಾತ್ರದಲ್ಲಿ ಕೆಳಗೆ ನಿಲ್ಲುತ್ತದೆ. ಕವಿ, ಕಮ್ಮಾರ, ದೊರೆ ಮೂವರೂ ಒಂದೇ ಹಲಗೆಯ ಮೇಲೆ ತಂತಮ್ಮ ಗುರುತನ್ನು ಬಿಟ್ಟಿದ್ದಾರೆ.

ಇನ್ನು ನಮ್ಮ ನಗರಕ್ಕೆ ಬರೋಣ. ವಿಜಯಪುರದಲ್ಲಿರುವ ಅಕ್ಷರಾಂಕಿತ ಲೋಹದ ವಸ್ತುಗಳಲ್ಲಿ ಅತ್ಯಂತ ದೊಡ್ಡದು ಯಾವುದೆಂದು ಕೇಳಿದರೆ ಉತ್ತರ ಎಲ್ಲರ ಕಣ್ಣೆದುರಿಗೇ ಇದೆ. ಅದು ಪಶ್ಚಿಮ ಕೋಟೆಗೋಡೆಯ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಇ-ಮೈದಾನ ತೋಪು. ಅದನ್ನು ತೋಪೆಂದು ನೋಡುವವರು ಬಹಳ, ಲೇಖನವೆಂದು ನೋಡುವವರು ವಿರಳ. ಸುಮಾರು ೪.೪೫ ಮೀಟರು ಉದ್ದದ, ೫೫ ಟನ್ನುಗಳಷ್ಟು ತೂಕವುಳ್ಳದ್ದೆಂದು ಹೇಳಲಾಗುವ ಈ ತೋಪಿನ ಬಾಯಿ ತೆರೆದ ಸಿಂಹಮುಖದ ಆಕಾರದಲ್ಲಿದ್ದು, ಅದರ ದವಡೆಯ ನಡುವೆ ಆನೆಯೊಂದು ಸಿಕ್ಕಿಬಿದ್ದಿದೆ. ಇದನ್ನು ಹಿಜರಿ ೯೫೬ರಲ್ಲಿ, ಅಂದರೆ ಕ್ರಿ. ಶ. ೧೫೪೯ರಲ್ಲಿ, ಅಹಮದನಗರದ ನಿಜಾಮಶಾಹಿಗಾಗಿ ಎರಕ ಹೊಯ್ದವನು ಮಹಮ್ಮದ ಬಿನ್ ಹಸನ್ ರೂಮಿ. ‘ರೂಮಿ’ ಎಂಬ ಮಾತು ಆತನು ತುರ್ಕರ ನಾಡಿನವನೆಂದು ಸೂಚಿಸುತ್ತದೆ. ಮುಂದೆ ೧೬೩೨ರಲ್ಲಿ ಮುರಾರಿ ಪಂಡಿತನು ಪರಾಂಡದ ಕೋಟೆಯಿಂದ ಅದನ್ನು ವಿಜಾಪುರಕ್ಕೆ ಸಾಗಿಸಿದನು. ತೋಪಿನ ಮೇಲೆ ದೊರೆಯ ಹೆಸರಿನೊಡನೆ ಎರಕದವನ ಹೆಸರೂ ಇದೆ. ಆ ದೊರೆಯನ್ನು ನಾವು ಬಖೈರುಗಳಿಂದಲೂ ನಾಣ್ಯಗಳಿಂದಲೂ ಬಲ್ಲೆವು. ಕುಶಲಿಯ ಮಾತು ಹಾಗಲ್ಲ, ಆತನು ನಮಗೆ ಮುಖ್ಯವಾಗಿ ತನ್ನ ಲೋಹದ ಮೂಲಕವೇ ಮಾತಾಡುತ್ತಾನೆ.

ಈ ಮಿಶ್ರಲೋಹದಲ್ಲಿ ಸುಮಾರು ೮೦ ಭಾಗ ತಾಮ್ರ, ೨೦ ಭಾಗ ತವರವೆಂದು ಹಿಂದೆ ನಡೆದ ಪರೀಕ್ಷೆ ತಿಳಿಸುತ್ತದೆ. ಘಂಟೆಯ ಕಂಚಿಗೆ ಹತ್ತಿರದ ಮಿಶ್ರಣವಿದು. ಬಡಿದರೆ ನಾದ ಹೊರಡುವುದು ಇದರಿಂದಲೇ. ದಾನಪಟಗಳ ತಾಮ್ರವನ್ನು ಕೆಂಪಗೆ ಕಾಯಿಸಿ ಆರಿಸಿದರೆ ಮೆದುವಾಗಿ ಉಳಿಗೆ ಒಗ್ಗುತ್ತದೆ. ತವರದ ಅಂಶ ಇಷ್ಟು ಹೆಚ್ಚಿದ ಕಂಚಾದರೋ ಗಡುಸಾದದ್ದು, ಉಳಿ ಜಾರುವ ಜಾತಿಯದು. ಎರಕದ ಅಚ್ಚಿನಲ್ಲಿಯೇ ಅಕ್ಷರವನ್ನು ಸಿದ್ಧಮಾಡಿಕೊಳ್ಳಲು ಎರಕ ಹೊಯ್ಯುವವನಿಗೆ ಸಾಧ್ಯ. ಆರಿದ ಮೇಲೆ ಬಂದವನಿಗೆ ಅಂಥ ಅನುಕೂಲವಿಲ್ಲ.

ಹಾಗೆ ಆರಿದ ಮೇಲೆ ಬಂದವನು ಔರಂಗಜೇಬನ ಕಂಡರಣೆಗಾರ. ಹಿಜರಿ ೧೦೯೭ರಲ್ಲಿ ವಿಜಾಪುರವು ಮೊಗಲರ ವಶವಾದಾಗ ಆ ವಿಜಯವನ್ನು ಸಾರುವ ಇನ್ನೊಂದು ಲೇಖನವನ್ನು ಅದೇ ತೋಪಿನ ಮೇಲೆ ಕೆತ್ತಿಸಲಾಯಿತು. ಅದರಲ್ಲಿ ಕಾಲವನ್ನು ಅಕ್ಷರಗಳ ಸಂಖ್ಯಾಮೌಲ್ಯದಲ್ಲಿ ಅಡಗಿಸಿ ಹೇಳುವ, ಪಾರಸಿಯಲ್ಲಿ ರೂಢಿಯಾದ ಕ್ರಮವನ್ನು ಬಳಸಲಾಗಿದ್ದು, ಆ ಕಾಲಸೂಚಕ ವಾಕ್ಯದಲ್ಲಿ ತೋಪಿನ ಹೆಸರೇ ಬರುತ್ತದೆ. ಜನಪ್ರಿಯ ಗ್ರಂಥಗಳಲ್ಲಿ ಈ ಲೇಖನದ ಕಾಲವನ್ನು ೧೬೮೫-೮೬ ಎಂದು ಕೊಡುವುದು ವಾಡಿಕೆ. ಹಿಜರಿ ವರ್ಷವು ಎರಡು ಇಸವಿಗಳಲ್ಲಿ ಹರಡಿಕೊಳ್ಳುವುದರಿಂದ ಹಾಗೆ ಬರೆಯುತ್ತಾರೆ. ಆದರೆ ನಗರವು ವಶವಾದದ್ದು ೧೬೮೬ರ ಸೆಪ್ಟೆಂಬರಿನಲ್ಲಿ. ಗೆಲ್ಲುವ ಮೊದಲೇ ಗೆಲುವನ್ನು ಕೆತ್ತಿಸಲು ಬಾರದು. ಹಿಜರಿ ೧೦೯೭ ಅದೇ ವರ್ಷದ ನವೆಂಬರಿನಲ್ಲಿ ಮುಗಿಯಿತು. ಆದ್ದರಿಂದ ಆ ಲೇಖನದಲ್ಲಿ ಹೇಳಿದ ವರ್ಷವನ್ನು ೧೬೮೬ ಎಂದೇ ನಿಶ್ಚಯಿಸಬಹುದು, ‘೧೬೮೫’ನ್ನು ಇಟ್ಟುಕೊಳ್ಳಲು ಕಾರಣವಿಲ್ಲ. ವಿದ್ಯಾರ್ಥಿಗಳು ಇಸವಿಯ ಪರಿವರ್ತನೆಯ ಕೋಷ್ಟಕವನ್ನಷ್ಟೇ ನೆಚ್ಚದೆ ಘಟನೆಯನ್ನೂ ಕೂಡಿಸಿ ನೋಡಬೇಕೆಂಬುದಕ್ಕೆ ಇದೊಂದು ಉದಾಹರಣೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಹೊಸ ಲೇಖನವನ್ನು ಕೆತ್ತಿಸಿದವರು ಹಳೆಯದನ್ನು ಅಳಿಸಲಿಲ್ಲ. ನಿಜಾಮಶಾಹಿಯ ದೊರೆ, ರೂಮಿ ಎರಕಗಾರ, ಮೊಗಲ ಬಾದಶಹ, ಇವರೆಲ್ಲ ಒಂದೇ ಕಂಚಿನ ಮೈಮೇಲೆ ಅಕ್ಕಪಕ್ಕದಲ್ಲಿ ಉಳಿದಿದ್ದಾರೆ. ಆದರೆ ತೋಪನ್ನು ತರಿಸಿ ಐವತ್ತಕ್ಕೂ ಮಿಕ್ಕಿ ವರ್ಷ ಇಟ್ಟುಕೊಂಡಿದ್ದ ಆದಿಲಶಾಹಿಗಳು ತಮ್ಮ ಮಾತನ್ನು ಕಲ್ಲಿಗೆ ಒಪ್ಪಿಸಿದರು: ಬುರುಜನ್ನು ಎರಡನೆಯ ಅಲಿ ಆದಿಲಶಹನ ಕಾಲದಲ್ಲಿ, ಹಿಜರಿ ೧೦೮೨ರಲ್ಲಿ (ಕ್ರಿ. ಶ. ೧೬೭೧), ಐದು ತಿಂಗಳಲ್ಲಿ ಕಟ್ಟಿ ಮುಗಿಸಿದುದನ್ನು ಅಲ್ಲಿಯ ಶಿಲಾಲೇಖ ಹೇಳುತ್ತದೆ. ಕಲ್ಲು ತನ್ನ ಸ್ಥಳದ ಕಥೆಯನ್ನು ಹೇಳುತ್ತದೆ, ಕಂಚು ತನ್ನ ಪ್ರಯಾಣದ ಕಥೆಯನ್ನು. ಎರಡನ್ನೂ ಒಟ್ಟಿಗೆ ಓದಿದಾಗಲೇ ಅಹಮದನಗರದಲ್ಲಿ ಹುಟ್ಟಿ ಪರಾಂಡದಲ್ಲಿದ್ದ ತೋಪು ವಿಜಾಪುರದ ಗುರುತಾದ ಬಗೆ ತಿಳಿಯುತ್ತದೆ. ಹೆನ್ರಿ ಕಸಿನ್ಸರು ೧೯೧೬ರ ತಮ್ಮ ಗ್ರಂಥದಲ್ಲಿ, ಎಂ. ನಾಜಿಮರು ೧೯೩೬ರಲ್ಲಿ ಪ್ರಕಟವಾದ ವಿಜಾಪುರದ ಶಾಸನಗಳ ಸಂಪುಟದಲ್ಲಿ ಈ ನಗರದ ಲೇಖನಗಳನ್ನು ಕುರಿತು ಮಾಡಿರುವ ಕೆಲಸಕ್ಕೆ ನಾವು ಇಂದಿಗೂ ಋಣಿಗಳು.

ಲೋಹದ ದಾಖಲೆಗೆ ಒಂದು ಶತ್ರುವಿದೆ, ಅದರ ಬೆಲೆ. ಸಾತಾರೆಯ ಸಂಸ್ಥಾನವು ೧೮೪೮ರಲ್ಲಿ ಇಂಗ್ಲಿಷರಿಗೆ ಸೇರಿದ ಮೇಲೆ ವಿಜಾಪುರವೂ ಅವರ ಆಡಳಿತಕ್ಕೆ ಬಂದಿತು. ೧೮೫೪ರಲ್ಲಿ ಮಲಿಕ್-ಇ-ಮೈದಾನವನ್ನು ಹರಾಜಿಗೆ ಇಡಲಾಯಿತು. ಬಂದ ಅತ್ಯಧಿಕ ಬೇಡಿಕೆ ೧೫೦ ರೂಪಾಯಿ. ಕೊನೆಗೆ ಮಾರಾಟ ರದ್ದಾದುದರಿಂದ ತೋಪು ಉಳಿಯಿತು. ಐವತ್ತೈದು ಟನ್ನುಗಳ ಕಂಚನ್ನು ಬುರುಜಿನಿಂದ ಇಳಿಸಿ ಸಾಗಿಸುವ ವೆಚ್ಚವೇ ಬಹುಶಃ ಅದನ್ನು ಕಾಪಾಡಿತೆಂದು ನನಗೆ ಅನಿಸುತ್ತದೆ. ಹಗುರವಾದ ಫಲಕಗಳಿಗೆ ಈ ಭಾಗ್ಯವಿಲ್ಲ. ಇಂಗ್ಲೆಂಡಿನ ಚರ್ಚುಗಳಲ್ಲಿ ಗೋರಿಗಳ ಮೇಲೆ ಕೂರಿಸಿದ್ದ ಕೆತ್ತನೆಯ ಹಿತ್ತಾಳೆ ತಗಡುಗಳ ಗತಿ ಇದಕ್ಕೆ ಸಾಕ್ಷಿ. ಹದಿನಾರನೆಯ ಶತಮಾನದಲ್ಲಿ ಅಲ್ಲಿಯ ಮಠಗಳು ಮುಚ್ಚಲ್ಪಟ್ಟಾಗ ಅಂಥ ತಗಡುಗಳು ಕಿತ್ತು ಮಾರಾಟವಾದವು. ಕೊಂಡವರು ಅವುಗಳನ್ನು ಮಗುಚಿ ಹಿಂಬದಿಯಲ್ಲಿ ಹೊಸ ಸತ್ತವರ ಹೆಸರುಗಳನ್ನು ಕೆತ್ತಿದರು. ಇಂದು ಅಂಥ ಫಲಕವನ್ನು ದುರಸ್ತಿಗೆಂದು ಕಳಚಿದಾಗ ಹಿಂಬದಿಯಲ್ಲಿ ಹಳೆಯ ಸನ್ಯಾಸಿಯೊಬ್ಬನ ಅರ್ಧ ದೇಹ ಕಾಣಿಸಿಕೊಳ್ಳುವುದುಂಟು.

ಮರದ ಕಥೆ ಇದಕ್ಕಿಂತ ಚಿಕ್ಕದು, ಇದಕ್ಕಿಂತ ದುಃಖದ್ದು. ವಿಜಾಪುರದ ಅರಮನೆಗಳ ಮರಗೆಲಸ ಬಹುತೇಕ ಉಳಿದಿಲ್ಲ. ಅಸಾರ ಮಹಲಿನ ಮುಂಭಾಗದ ನಾಲ್ಕು ಭಾರಿ ಮರದ ಕಂಬಗಳು ಆ ವೈಭವದ ಸೂಚನೆಯಾಗಿ ನಿಂತಿವೆ. ಅಕ್ಷರವನ್ನು ಹೊತ್ತ ಪ್ರಾಚೀನ ಮರಗಳು ದೇಶದಲ್ಲಿಯೇ ಬೆರಳೆಣಿಕೆಯವು. ಮಹಾರಾಷ್ಟ್ರದ ಭಾಜಾ ಚೈತ್ಯದ ಮರದ ಕಮಾನುತೊಲೆಗಳ ಮೇಲಿನ ಬ್ರಾಹ್ಮೀ ಅಕ್ಷರಗಳು ಅವುಗಳಲ್ಲಿ ಸೇರಿವೆ. ಛತ್ತೀಸಗಡದ ಕಿರಾರಿಯಲ್ಲಿ ೧೯೨೧ರಲ್ಲಿ ಕೆರೆ ಬತ್ತಿದಾಗ ಶಾಸನವುಳ್ಳ ಮರದ ಕಂಬವೊಂದು ಹೊರಬಂದಿತು. ನೀರಿನೊಳಗೆ ಶತಮಾನಗಳ ಕಾಲ ಕ್ಷೇಮವಾಗಿದ್ದ ಮರವನ್ನು ಬಿಸಿಲಿಗೆ ತಂದೊಡನೆ ಮೇಲ್ಪದರ ಒಣಗಿ ಅಕ್ಷರಗಳು ಉದುರತೊಡಗಿದವು. ಊರಿನ ಪಂಡಿತರೊಬ್ಬರು ಕಂಡಷ್ಟು ಅಕ್ಷರಗಳನ್ನು ಅವುಗಳ ಆಕಾರದಲ್ಲಿಯೇ ಬರೆದುಕೊಂಡಿದ್ದರಿಂದ, ರಾಜಾಧಿಕಾರಿಗಳ ಪದವಿನಾಮಗಳ ಆ ಅಮೂಲ್ಯ ಪಟ್ಟಿಯು ಬಹುಮಟ್ಟಿಗೆ ನಮಗೆ ದಕ್ಕಿದೆ. ಆ ಪಂಡಿತರು ಬ್ರಾಹ್ಮೀ ಲಿಪಿಯ ತಜ್ಞರಾಗಿರಲಿಲ್ಲ. ಅರ್ಥವನ್ನು ಊಹಿಸಲು ಹೋಗದೆ ರೇಖೆಯನ್ನು ನಿಷ್ಠೆಯಿಂದ ಅನುಸರಿಸಿದರು. ಓದಲು ಬಾರದ ಕೈಯ ಬಗ್ಗೆ ಮೇಲೆ ಹೇಳಿದ ಮಾತನ್ನು ಇಲ್ಲಿ ತಿದ್ದಿಕೊಳ್ಳಬೇಕು: ಆ ಕೈ ತಪ್ಪು ಮಾಡುವಂತೆಯೇ, ತಿಳಿದವನು ಮಾಡುವ ‘ತಿದ್ದುಪಡಿ’ಯಿಂದ ಪಾಠವನ್ನು ಕಾಪಾಡಲೂ ಬಲ್ಲುದು.

ಮರ ಮತ್ತು ಲೋಹಗಳನ್ನು ಕೂಡಿಸುವುದು ಎರಡು ಸ್ವಭಾವಗಳನ್ನು ಕೂಡಿಸಿದಂತೆ. ಸೊಲ್ಲಾಪುರ ರಸ್ತೆಯ ಕುಶಲಿ ಎಳೆ ಅಡ್ಡವೋ ಉದ್ದವೋ ಎಂದು ಕೇಳಿದ್ದು ಈ ಕಾರಣದಿಂದ. ಬಿಸಿಲಿನಲ್ಲಿ ಮೂವತ್ತು ಡಿಗ್ರಿ ಕಾವು ಏರಿದರೂ ಒಂದು ಅಡಿಯ ಹಿತ್ತಾಳೆ ಹಿಗ್ಗುವುದು ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಅದೇ ಅಗಲದ ತೇಗದ ಹಲಗೆಯು ಎಳೆಗೆ ಅಡ್ಡಲಾಗಿ, ಮಳೆಗಾಲದ ತೇವಕ್ಕೂ ವಿಜಯಪುರದ ಒಣ ಬೇಸಗೆಗೂ ನಡುವೆ ಎರಡು ಮಿಲಿಮೀಟರಿನಷ್ಟು ಆಡಬಲ್ಲುದು. ನಾಲ್ಕು ಮೂಲೆಗಳಲ್ಲಿಯೂ ತಿರುಪು ಮೊಳೆಗಳನ್ನು ಬಿಗಿದರೆ ಫಲಕ ಉಬ್ಬುತ್ತದೆ, ಇಲ್ಲವೇ ಹಲಗೆ ಸೀಳುತ್ತದೆ. ಆದ್ದರಿಂದ ಒಂದು ಬದಿಯ ರಂಧ್ರಗಳನ್ನು ದುಂಡಗೆ, ಇನ್ನೊಂದು ಬದಿಯವನ್ನು ಕೊಂಚ ನೀಳವಾಗಿ ಕೊರೆದು ಮೊಳೆಗೆ ಸರಿದಾಡುವ ಎಡೆ ಕೊಡುತ್ತಾರೆ. ಕಬ್ಬಿಣದ ಮೊಳೆಯನ್ನು ಆತನು ಒಪ್ಪಲೇ ಇಲ್ಲ. ಹಿತ್ತಾಳೆಯ ಸಂಗದಲ್ಲಿ ತೇವ ತಗುಲಿದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಮರದ ಒಗರಿನೊಡನೆ ಸೇರಿ ಸುತ್ತಲೂ ಕಪ್ಪು ಕಲೆ ಮೂಡಿಸುತ್ತದೆ. ಇದು ವಸ್ತುಸಂಗ್ರಹಾಲಯಗಳಲ್ಲಿ ಕೆಲಸ ಮಾಡುವವರಿಗೂ ಉಪಯುಕ್ತವಾದ ತಿಳಿವಳಿಕೆ. ಹಳೆಯ ಹಲಗೆಯೊಂದರ ಮೇಲೆ ನಾಲ್ಕು ಕಪ್ಪು ಕಲೆಗಳೂ ಅವುಗಳ ನಡುವೆ ಬಣ್ಣ ಮಾಸದ ಆಯತವೂ ಕಂಡರೆ, ಅಲ್ಲೊಂದು ಫಲಕವಿತ್ತೆಂದೂ ಅದರ ಅಳತೆ ಇಷ್ಟೆಂದೂ ಹೇಳಬಹುದು. ಫಲಕ ಬೇರೆಲ್ಲಿಯಾದರೂ ದೊರೆತರೆ ಅದರ ರಂಧ್ರಗಳನ್ನು ಈ ಕಲೆಗಳಿಗೆ ಹೊಂದಿಸಿ ನೋಡಬಹುದು. ತಾಮ್ರಪಟದ ಬಳೆ ಹೇಳುವ ಸಾಕ್ಷ್ಯವನ್ನು ಇಲ್ಲಿ ಮೊಳೆಯ ತೂತು ಹೇಳುತ್ತದೆ.

ನಮ್ಮ ಫಲಕದ ಪಾಠದಲ್ಲಿ ಕೊಟ್ಟವರ ಹೆಸರಿತ್ತು, ವಿಭಾಗದ ಹೆಸರಿತ್ತು, ಇಸವಿಯಿತ್ತು. ಕಂಡರಿಸಿದವನ ಹೆಸರನ್ನೂ ಸೇರಿಸಬೇಕೆಂದು ನಾನು ಸೂಚಿಸಿದಾಗ ವಿಭಾಗದ ಸಭೆಯಲ್ಲಿ ಕೆಲವರು ನಕ್ಕರು. ಹಣ ಕೊಟ್ಟು ಮಾಡಿಸಿದ ಕೆಲಸಕ್ಕೆ ಹೆಸರೇಕೆ, ಯಂತ್ರ ಕೊರೆದದ್ದಕ್ಕೆ ಕಂಡರಣೆಗಾರನಾರು ಎಂಬುದು ಅವರ ವಾದ. ವೀರಣಾಚಾರ್ಯನಾದರೂ ಬಿಟ್ಟಿ ಕೆಲಸ ಮಾಡಿದನೆನ್ನಲು ಆಧಾರವಿಲ್ಲ. ಯಂತ್ರದ ಮಾತಿನಲ್ಲಿ ಸ್ವಲ್ಪ ಹುರುಳಿದೆಯೆಂದು ಒಪ್ಪುತ್ತೇನೆ; ಆದರೆ ಸಾಲುಗಳ ಎಡೆಯನ್ನು ನಿರ್ಣಯಿಸಿದ್ದು, ಅರ್ಕಾವತ್ತನ್ನು ಸ್ವಸ್ಥಾನಕ್ಕೆ ತಂದದ್ದು, ಕೊನೆಯ ಸಾಲಿನಲ್ಲಿ ಸೂಜಿಯುಳಿ ಆಳಕ್ಕೆ ಇಳಿಯದೆ ಉಳಿದ ಎರಡು ಒತ್ತುಗಳನ್ನು ಕೈಯುಳಿಯಿಂದ ಬಿಡಿಸಿದ್ದು ಯಂತ್ರವಲ್ಲ. ಚರ್ಚೆ ಮುಂದಿನ ಸಭೆಗೆ ಹೋಯಿತು. ಅಲ್ಲಿ ಹಿರಿಯರೊಬ್ಬರು ಮಧ್ಯಮಮಾರ್ಗವನ್ನು ಕಂಡುಹಿಡಿದರು: ಹೆಸರು ಇರಲಿ, ಆದರೆ ಫಲಕದ ಹಿಂಬದಿಯಲ್ಲಿ. ಈ ತೀರ್ಪು ನನಗೆ ಪೂರ್ಣ ಸಮಾಧಾನವನ್ನು ಕೊಡಲಿಲ್ಲ, ಆದರೂ ಒಪ್ಪಿದೆನು. ಕುಶಲಿಗೆ ಇದನ್ನು ತಿಳಿಸಿದಾಗ ಆತನು ಮೊದಲು ಸಂಕೋಚಪಟ್ಟನು. ಬಳಿಕ ಯಂತ್ರಕ್ಕೆ ಹಚ್ಚದೆ, ತನ್ನ ತಂದೆಯದೆಂದು ಹೇಳಿದ ಸಣ್ಣ ಚಾಣವನ್ನು ಹಿಡಿದು ಕೈಯಿಂದಲೇ ಕೆತ್ತಿದನು. ಮುಂಭಾಗದ ಅಕ್ಷರಗಳ ಸಮತೆ ಆ ಸಾಲಿಗಿಲ್ಲ. ತೋಡಿನೊಳಗೆ ಉಳಿಯ ಗೀರುಗಳು ಸ್ಪಷ್ಟವಾಗಿ ಕಾಣುತ್ತವೆ. ಫ್ಲೀಟರಿದ್ದಿದ್ದರೆ ತಪ್ಪದೆ ಗುರುತು ಹಾಕಿಕೊಳ್ಳುತ್ತಿದ್ದರು.

ಹಲಗೆಗೆ ಜೋಡಿಸುವ ಮೊದಲು ಫಲಕದ ಎರಡೂ ಮುಖಗಳ ಪಡಿಯಚ್ಚುಗಳನ್ನು ತೆಗೆಯಲಾಯಿತು. ಉದ್ದ, ಅಗಲ, ದಪ್ಪ, ರಂಧ್ರಗಳ ಅಂತರ ಹಾಗೂ ಮೊಳೆಯ ಲೋಹ, ಇವುಗಳ ವಿವರವನ್ನು ಬರೆದು ಆ ಪಡಿಯಚ್ಚುಗಳೊಡನೆ ಕಪಾಟಿನ ಮೊದಲನೆಯ ಕಟ್ಟಿನಲ್ಲಿ ಇರಿಸಿದೆ. ನೋಡಬಯಸುವ ವಿದ್ಯಾರ್ಥಿಗಳು ಕಚೇರಿಯಲ್ಲಿ ಕೇಳಿದರೆ ಬೀಗದ ಕೈ ದೊರೆಯುತ್ತದೆ.